ಕತ್ತಲೆ ಅಂಗಡಿಯಲ್ಲೊಂದು ಹಸಿರು ಟ್ಯಾಂಕ್: ಯಾವುದಕ್ಕೆ ಕೊಟ್ಟ ದುಡ್ಡು ಸಾರ್ಥಕ, ಯಾವುದು ಬೇಡ

ನೀರೊಳಗೆ ಗಿಡ ಬೆಳೆಸುವ ಎರಡಡಿ ಗಾಜಿನ ಅಕ್ವೇರಿಯಂ ಟ್ಯಾಂಕ್, ಎಲೆಕ್ಟ್ರಿಕಲ್ ಅಂಗಡಿಯ ಮಾಮೂಲಿ ಎಲ್‌ಇಡಿ ಟ್ಯೂಬ್, ಒಂದು ಸ್ಪಂಜ್ ಫಿಲ್ಟರ್, ನಾಲ್ಕೈದು ಬಗೆಯ ಗಿಡ. ಇಷ್ಟೇ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲ, ಗಿಡಕ್ಕೆಂದೇ ಮಾರುವ ದುಬಾರಿ ಲೈಟ್ ಇಲ್ಲ, ಹೀಟರ್ ಇಲ್ಲ. ಬೆಂಗಳೂರಿನ ಹನುಮಂತನಗರದಲ್ಲಿರುವ ನನ್ನ ಹೊಲಿಗೆ ಅಂಗಡಿಯಲ್ಲಿ ಇದನ್ನು ಇಟ್ಟು ವರ್ಷದ ಮೇಲಾಯಿತು. ಎಲ್ಲ ಸೇರಿ ₹5,000 ಒಳಗೇ ಮುಗಿಯಿತು. ಬ್ಲೌಸ್ ಅಳತೆ ಕೊಡಲು ಬಂದವರೆಲ್ಲ "ಅಕ್ಕ, ಇದಕ್ಕೆ ದಿನಾ ಏನು ಮಾಡಬೇಕು?" ಎಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕೊಂಡ ಸಾಮಾನು ಹೇಗಿದೆ, ಎಲ್ಲಿ ಕೊಂಡರೆ ಒಳ್ಳೆಯದು, ಯಾವುದು ಬೇಡವೇ ಬೇಡ.

ಅಂಗಡಿ ಇರುವುದು ನೆಲಮಹಡಿಯಲ್ಲಿ. ಎದುರಿಗೆ ಮೂರಂತಸ್ತಿನ ಮನೆ. ಮಟಮಟ ಮಧ್ಯಾಹ್ನವೂ ಲೈಟ್ ಹಾಕಿಕೊಂಡೇ ಸೂಜಿಗೆ ದಾರ ಪೋಣಿಸಬೇಕು. ಇಂಥ ಜಾಗದಲ್ಲೂ ಗಿಡದ ಟ್ಯಾಂಕ್ ಚೆನ್ನಾಗಿ ಬರುತ್ತದೆ ಎಂದು ಧೈರ್ಯ ಕೊಟ್ಟವರು ನಮ್ಮ ಭಾನುವಾರದ ಗುಂಪಿನವರು. ಗುಂಪು ಅಂದರೆ ನಾಲ್ಕೇ ಜನ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಒಬ್ಬರು. ಎಲೆಕ್ಟ್ರಿಷಿಯನ್ ಹುಡುಗ ಒಬ್ಬ. ಮನೆ ತುಂಬಾ ಟ್ಯಾಂಕ್ ಇಟ್ಟುಕೊಂಡಿರುವ ಮಲ್ಲೇಶ್ವರದ ಆಂಟಿ. ಮತ್ತೆ ನಾನು. ಮೇಷ್ಟ್ರು ಶುರುವಿನಲ್ಲೇ ಒಂದು ಮಾತು ಹೇಳಿದ್ದರು: "ನೋಡಮ್ಮ, ಬೆಳಕು ಜಾಸ್ತಿ ಕೊಟ್ಟಷ್ಟೂ ಗಿಡಕ್ಕೆ ಹಸಿವು ಜಾಸ್ತಿ. ಗೊಬ್ಬರ ಕೇಳುತ್ತೆ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಕೇಳುತ್ತೆ. ನೀನು ಕೊಡಲಿಲ್ಲ ಅಂದ್ರೆ ಪಾಚಿ ಬಂದು ಕೂರುತ್ತೆ. ಬೆಳಕು ಕಡಿಮೆ ಮಾಡು, ಎಲ್ಲವೂ ನಿಧಾನ ಆಗುತ್ತೆ. ಆಗ ನಿನ್ನ ಕೆಲಸವೂ ಕಡಿಮೆ." ನಾನು ಕೊಂಡ ಪ್ರತಿಯೊಂದನ್ನೂ ಈ ಮಾತಿಗೆ ಹಿಡಿದು ನೋಡಿದ್ದೇನೆ. ಈ ನಿಧಾನಕ್ಕೆ ಹೊಂದಿಕೊಳ್ಳುವ ವಸ್ತುವಿಗೆ ದುಡ್ಡು ಹಾಕಬಹುದು. ಅದನ್ನು ಕೆಡಿಸುವ ವಸ್ತು ಎಷ್ಟೇ ಚಂದ ಇದ್ದರೂ ಬೇಡ.

ಮೊದಲು ಟ್ಯಾಂಕ್. ರೆಡಿಮೇಡ್ ತೆಗೆದುಕೊಳ್ಳದೆ ಗಾಜಿನ ಅಂಗಡಿಯಲ್ಲಿ ಹೇಳಿ ಮಾಡಿಸಿದೆ. ಉದ್ದ 24 ಇಂಚು, ಅಗಲ 12, ಎತ್ತರ 12. ಅಂಚಿನವರೆಗೆ ತುಂಬಿದರೆ 56 ಲೀಟರ್ ಆಗುತ್ತದೆ. ಜಲ್ಲಿ, ಮರದ ತುಂಡು ಹಾಕಿ ಸ್ವಲ್ಪ ಕೆಳಗೆ ನಿಲ್ಲಿಸಿದರೆ 45ರಿಂದ 50 ಲೀಟರ್ ನೀರು. ರೆಡಿಮೇಡ್ ಟ್ಯಾಂಕುಗಳಲ್ಲಿ ಎತ್ತರ ಜಾಸ್ತಿ ಇಡುತ್ತಾರೆ, ನೋಡಲು ದೊಡ್ಡದಾಗಿ ಕಾಣಲಿ ಎಂದು. ಕಡಿಮೆ ಬೆಳಕಿನವರಿಗೆ ಅದು ನಷ್ಟ, ಏಕೆಂದರೆ ಕೆಳಗೆ ಹೋದಂತೆ ಬೆಳಕು ಇನ್ನೂ ಸೊರಗುತ್ತದೆ. ಒಂದಡಿ ಎತ್ತರ ಸಾಕು. ಮೇಲೆ ಮುಚ್ಚಲು ಗಾಜಿನ ಮುಚ್ಚಳವನ್ನೂ ಜೊತೆಗೇ ಮಾಡಿಸಿ. ಬಟ್ಟೆ ಕತ್ತರಿಸುವ ಜಾಗದಲ್ಲಿ ನೂಲಿನ ಎಳೆ, ದೂಳು ಹಾರುತ್ತಲೇ ಇರುತ್ತದಲ್ಲ, ನನಗಂತೂ ಮುಚ್ಚಳ ಬೇಕೇ ಬೇಕಿತ್ತು. ಮುಚ್ಚಳ ಇದ್ದರೆ ನೀರು ಆರುವುದೂ ಕಡಿಮೆ. ಎಲ್ಲ ತುಂಬಿದ ಮೇಲೆ 65 ಕಿಲೋ ಮೇಲೇ ತೂಗುತ್ತದೆ, ಹಾಗಾಗಿ ಕಬ್ಬಿಣದ ಸ್ಟ್ಯಾಂಡ್ ಬೇಕು, ಅಡಿಗೆ ಥರ್ಮೊಕೋಲ್ ಹಾಳೆ ಬೇಕು. ಹೊಲಿಗೆ ಮೆಷಿನ್ ಅದುರುವ ಮೇಜಿನಿಂದ ದೂರ ಇಟ್ಟಿದ್ದೇನೆ. ಗಾಜಿನ ಅಂಗಡಿಯವರು ಸಿಲಿಕಾನ್ ಅಂಚು ನೀಟಾಗಿ ಎಳೆದಿದ್ದರು. ಒಂದು ರಾತ್ರಿ ನೀರು ತುಂಬಿಸಿ, ಕೆಳಗೆ ನ್ಯೂಸ್ ಪೇಪರ್ ಹಾಸಿ ನೋಡಿದೆ. ಒಂದು ಹನಿಯೂ ಇಳಿದಿರಲಿಲ್ಲ.

ಇನ್ನು ಲೈಟ್. ಹೊಸದಾಗಿ ಶುರು ಮಾಡುವವರ ಜೇಬಿಗೆ ಜಾಸ್ತಿ ಕತ್ತರಿ ಬೀಳುವುದು ಇಲ್ಲೇ. ಗುಲಾಬಿ, ನೀಲಿ ಬಣ್ಣ ಕಾರುವ "ಪ್ಲಾಂಟ್ ಎಲ್‌ಇಡಿ"ಗಳು ಸಾವಿರಾರು ರೂಪಾಯಿಗೆ ಸಿಗುತ್ತವೆ. ನಾನು ಹಾಕಿರುವುದು ಗೋಡೆಗೆ ಹಾಕುವ ಎರಡಡಿ ಎಲ್‌ಇಡಿ ಬ್ಯಾಟನ್. 10 ವ್ಯಾಟ್, 6500 ಕೆಲ್ವಿನ್, ಡಬ್ಬದ ಮೇಲೆ "ಕೂಲ್ ಡೇಲೈಟ್" ಅಂತ ಇರುತ್ತದಲ್ಲ, ಅದು. ಸುಮಾರು 1000 ಲುಮೆನ್ (ಬೆಳಕಿನ ಅಳತೆ) ಕೊಡುತ್ತದೆ. ಲೀಟರಿಗೆ 10ರಿಂದ 20 ಲುಮೆನ್ ಇದ್ದರೆ ಕಡಿಮೆ ಬೆಳಕಿನ ಟ್ಯಾಂಕ್ ಅನ್ನುವುದು ಹವ್ಯಾಸಿಗಳ ಲೆಕ್ಕ. 50 ಲೀಟರಿಗೆ ಸರಿಯಾಗಿ ಹೊಂದಿತು. ₹300 ಕೂಡ ಆಗಲಿಲ್ಲ. ಹಸಿರು ಹಸಿರಾಗಿಯೇ ಕಾಣುತ್ತದೆ, ಮೀನಿನ ಬಣ್ಣ ಕೆಡುವುದಿಲ್ಲ. ಈ ಒಂದು ಸಾಮಾನಿಗೆ ನನ್ನಿಂದ ಪೂರ್ತಿ ಅಂಕ.

ಆದರೆ ಇದನ್ನು ಹಾಕುವಾಗ ಹುಷಾರು. ಈ ಟ್ಯೂಬುಗಳು ನೀರಿನ ಪಸೆ ತಡೆಯುವಂಥವಲ್ಲ. ಗಾಜಿನ ಮುಚ್ಚಳದ ಮೇಲೆ ಎರಡು ಮರದ ತುಂಡು ಇಟ್ಟು, ಅದರ ಮೇಲೆ ಟ್ಯೂಬ್ ಕೂರಿಸಿದ್ದೇವೆ. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಇನ್ನೊಂದು ಕೆಲಸ ಮಾಡಿಕೊಟ್ಟ. ವೈರನ್ನು ನೇರವಾಗಿ ಪ್ಲಗ್ಗಿಗೆ ಎಳೆಯದೆ, ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ಬಿಟ್ಟು ಮೇಲಕ್ಕೆ ತಂದ. "ಅಕ್ಕ, ವೈರ್ ಮೇಲೆ ನೀರು ಹರಿದ್ರೆ ಈ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತೆ, ಪ್ಲಗ್ಗಿಗೆ ಹೋಗಲ್ಲ" ಅಂದ. ಖರ್ಚಿಲ್ಲದ ಕೆಲಸ, ಆದರೆ ಜೀವದ ವಿಷಯ. ಎಲ್ಲರೂ ಹೀಗೇ ಮಾಡಿ.

ಜೊತೆಗೆ ಟೈಮರ್ ಪ್ಲಗ್ ಕೊಂಡುಕೊಳ್ಳಿ. ನನ್ನದು ದಿನಕ್ಕೆ 7 ಗಂಟೆ ಉರಿದು ತಾನೇ ಆರುತ್ತದೆ. 6ರಿಂದ 8 ಗಂಟೆ ಸಾಕು. ಸಂಜೆ ನೆಂಟರು ಬಂದರು, ನೋಡಲಿ ಎಂದು ಇನ್ನೆರಡು ಗಂಟೆ ಬಿಟ್ಟರೆ ಪಾಚಿಗೆ ನಾವೇ ಕರೆದು ಊಟ ಹಾಕಿದ ಹಾಗೆ.

ತಳಕ್ಕೆ 2ರಿಂದ 4 ಮಿಲಿಮೀಟರಿನ ಸಣ್ಣ ಜಲ್ಲಿ ಹಾಕಿದ್ದೇನೆ, ಎರಡು ಇಂಚು ದಪ್ಪ. ಮನೆ ಕಟ್ಟುವ ಎಂ-ಸ್ಯಾಂಡ್ ಬೇಡ. ಪುಡಿ ಎಷ್ಟು ತೊಳೆದರೂ ಹೋಗುವುದಿಲ್ಲ, ಗಟ್ಟಿಯಾಗಿ ಕೂತುಬಿಡುತ್ತದೆ. ಯಾವುದೇ ಜಲ್ಲಿ, ಕಲ್ಲು ತಂದರೂ ಮೇಲೆ ಎರಡು ಹನಿ ವಿನೆಗರ್ ಬಿಟ್ಟು ನೋಡಿ. ಬುಸ್ ಎಂದು ನೊರೆ ಬಂದರೆ ಸುಣ್ಣದ ಅಂಶ ಇದೆ ಎಂದು ಅರ್ಥ, ನೀರನ್ನು ಗಡಸು ಮಾಡುತ್ತದೆ. ಬಣ್ಣ ಹಚ್ಚಿದ ನೀಲಿ, ಕೆಂಪು ಜಲ್ಲಿಯ ಬಗ್ಗೆ ನಾನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಗಿಡ ಕೊಳ್ಳಲು ನಾವು ಹೋದದ್ದು ಶಿವಾಜಿನಗರಕ್ಕೆ. ರಸೆಲ್ ಮಾರ್ಕೆಟ್ ಸುತ್ತಮುತ್ತ ಅಕ್ವೇರಿಯಂ ಅಂಗಡಿಗಳಿವೆ. ಭಾನುವಾರ ಬೆಳಿಗ್ಗೆ ಬೇಗ ಹೋದರೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಹನ್ನೊಂದರ ಮೇಲೆ ನಿಲ್ಲಲೂ ಜಾಗ ಇರುವುದಿಲ್ಲ. ಇಲ್ಲಿನ ದೊಡ್ಡ ಅನುಕೂಲ ಅಂದರೆ ಗಿಡವನ್ನು ಕೈಯಲ್ಲಿ ಹಿಡಿದು ನೋಡಬಹುದು. ಮೇಷ್ಟ್ರು ಅನುಬಿಯಾಸ್ ಎಂಬ ಗಿಡ ಆರಿಸುವುದನ್ನು ನಿಂತು ನೋಡಬೇಕು. ಕುಂಡದಿಂದ ಗಿಡ ಎತ್ತಿಸಿ, ಬೇರಿನ ಸುತ್ತ ಇರುವ ಬಿಳಿ ಉಣ್ಣೆಯಂಥದ್ದನ್ನು ಬೆರಳಿನಿಂದ ಬಿಡಿಸುತ್ತಾರೆ. ಒಳಗೆ ಶುಂಠಿಯ ಹಾಗೆ ಅಡ್ಡ ಬೆಳೆದ ದಪ್ಪ ಕಾಂಡ ಇರುತ್ತದೆ, ರೈಜೋಮ್ ಅನ್ನುತ್ತಾರೆ. ಅದನ್ನು ಈ ತುದಿಯಿಂದ ಆ ತುದಿಯವರೆಗೆ ಉಗುರಿನಿಂದ ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ಗಟ್ಟಿ ಇದ್ದರೆ ಸರಿ. ಎಲ್ಲಾದರೂ ಮೆತ್ತಗಾಗಿ, ಮೂಗಿಗೆ ಕೊಳೆತ ವಾಸನೆ ಬಂದರೆ ಎಲೆ ಎಷ್ಟೇ ಹಸಿರಾಗಿದ್ದರೂ ವಾಪಸ್ ಇಡುತ್ತಾರೆ. ರೈಜೋಮ್ ಕೊಳೆಯಲು ಶುರುವಾದರೆ ಅದು ಮುಂದುವರಿಯುತ್ತಲೇ ಹೋಗುತ್ತದೆ. ನಾವು ಹೋದ ಅಂಗಡಿಯ ಅಣ್ಣ ಬೇಜಾರಿಲ್ಲದೆ ಒಂದೊಂದೇ ಕುಂಡ ಎತ್ತಿ ಕೊಟ್ಟರು. ಇಂಥ ಅಂಗಡಿ ಸಿಕ್ಕರೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದರೂ ಅಲ್ಲೇ ಕೊಳ್ಳಿ.

ಅದೇ ಬೀದಿಯ ಇನ್ನೊಂದು ಕಡೆ ಬೇರೆ ಕತೆ. ಟ್ಯಾಂಕಿನಲ್ಲಿ ನೇರಳೆ ಎಲೆಯ ಗಿಡ, ಲಕ್ಕಿ ಬ್ಯಾಂಬೂ, ಬಿಳಿ ಪಟ್ಟಿಯ ಡ್ರಸೀನಾ ಎಲ್ಲ ನೀರಲ್ಲಿ ಮುಳುಗಿಸಿಟ್ಟು "ಅಕ್ವೇರಿಯಂ ಪ್ಲಾಂಟ್, ಲೈಟೇ ಬೇಡ" ಎಂದು ಮಾರುತ್ತಿದ್ದರು. ಇವು ನೆಲದ ಗಿಡಗಳು. ನೀರಲ್ಲಿ ಕೆಲವು ವಾರ ಹಸಿರಾಗಿ ನಿಂತು, ಆಮೇಲೆ ಕೊಳೆತು ನೀರನ್ನು ಕೆಡಿಸುತ್ತವೆ. ಕಾಂಡ ಸೆಟೆದು ನಿಂತಿದ್ದರೆ, ನೀರಿನಿಂದ ಎತ್ತಿದಾಗಲೂ ಎಲೆ ಬಾಗದಿದ್ದರೆ ಅನುಮಾನ ಪಡಿ. ನೀರಲ್ಲಿ ಬಾಳುವ ಅನುಬಿಯಾಸ್, ಜಾವಾ ಫರ್ನ್ ಎಲೆಗಳೂ ಗಟ್ಟಿಯೇ, ಹಾಗಾಗಿ ಇದೊಂದೇ ಗುರುತು ಸಾಲದು. ಹೆಸರು ಕೇಳಿ, ಫೋನಲ್ಲಿ ಚಿತ್ರ ನೋಡಿ, ಆಮೇಲೆ ದುಡ್ಡು ಕೊಡಿ.

ಆನ್‌ಲೈನ್ ಕೂಡ ನೋಡಿದೆ. ಒಬ್ಬ ಮಾರಾಟಗಾರರಿಂದ ಏಪ್ರಿಲ್‌ನಲ್ಲಿ ಮಾಸ್ (ಮರ, ಕಲ್ಲಿಗೆ ಹಬ್ಬುವ ಹಾವಸೆಯಂಥ ಸಣ್ಣ ಗಿಡ) ತರಿಸಿದೆ. ಒದ್ದೆ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸಿದ್ದರು. ದಾರಿಯಲ್ಲಿ ಬಿಸಿಲಿಗೆ ಬೆಂದು ಕಂದು ಮುದ್ದೆಯಾಗಿ ಬಂತು. ದೂರು ಕೊಟ್ಟರೆ ಅನ್‌ಬಾಕ್ಸಿಂಗ್ ವಿಡಿಯೋ ಇಲ್ಲದೆ ಆಗಲ್ಲ ಅಂದರು. ಚಳಿಗಾಲದಲ್ಲಿ, ಒಂದೆರಡು ದಿನದಲ್ಲಿ ತಲುಪುವ ದೂರದಿಂದಾದರೆ ಆನ್‌ಲೈನ್ ಪರವಾಗಿಲ್ಲ. ಬೇಸಿಗೆಯಲ್ಲಿ ಬೇಡ.

ಗಿಡಗಳ ಬಗ್ಗೆ ಒಂದೊಂದಾಗಿ ಹೇಳುತ್ತೇನೆ.

ಅನುಬಿಯಾಸ್ ನಾನಾ ಆಫ್ರಿಕಾದ ಗಿಡ. ಕಾಡಿನ ತೊರೆಗಳ ಪಕ್ಕ, ಮರದ ನೆರಳಲ್ಲಿ ಬೆಳೆಯುವಂಥದ್ದು, ಹಾಗಾಗಿ ನಮ್ಮ ಕತ್ತಲೆ ಇದಕ್ಕೆ ಹೊಸದಲ್ಲ. ಎಲೆ ಚಿಕ್ಕದು, ದಪ್ಪ, ಕಡು ಹಸಿರು. ತಿಂಗಳಿಗೆ ಒಂದೋ ಎರಡೋ ಎಲೆ ಬಿಟ್ಟರೆ ಹೆಚ್ಚು. ಅಷ್ಟು ನಿಧಾನ. ಇದನ್ನು ಜಲ್ಲಿಯಲ್ಲಿ ಹೂಳಬಾರದು, ರೈಜೋಮ್ ಕೊಳೆಯುತ್ತದೆ. ಮರಕ್ಕೋ ಕಲ್ಲಿಗೋ ಕಟ್ಟಬೇಕು. ಕಟ್ಟುವ ಬದಲು ಫೆವಿಕ್ವಿಕ್‌ನ ಒಂದು ಸಣ್ಣ ಹನಿ ಹಾಕಿ ಅಂಟಿಸಿದರೂ ಆಗುತ್ತದೆ. ಒಣಗಿದ ಮೇಲೆ ಮೀನಿಗೆ ತೊಂದರೆ ಇಲ್ಲ.

ದಾರದ ವಿಷಯ ಬಂದಾಗ ಮಾತ್ರ ಗುಂಪಿನವರೆಲ್ಲ ನನ್ನ ಮುಖ ನೋಡುತ್ತಾರೆ. "ಹತ್ತಿ ದಾರದಲ್ಲಿ ಕಟ್ಟಿ, ಬೇರು ಹಿಡಿಯುವ ಹೊತ್ತಿಗೆ ತಾನೇ ಕರಗಿಹೋಗುತ್ತೆ" ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಆದರೆ ಈಗ ಅಂಗಡಿಯಲ್ಲಿ ಸಿಗುವ ಹೊಲಿಗೆ ದಾರ ಮುಕ್ಕಾಲು ಪಾಲು ಪಾಲಿಯೆಸ್ಟರ್. ಕಾಟನ್ ಅಂತ ಕೇಳಿದರೂ ಅದನ್ನೇ ಕೊಡುತ್ತಾರೆ. ಒಂದು ಎಳೆ ತೆಗೆದು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೂದಿಯಾಗಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಬೂದಿಯಾಗುವ ದಾರ ಮಾಸ್‌ಗೆ, ಜಾವಾ ಫರ್ನ್‌ಗೆ ಸರಿ. ಅನುಬಿಯಾಸ್ ಬೇರು ಹಿಡಿಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಹತ್ತಿ ಕೊಳೆತು ಗಿಡ ತೇಲಿಬಿಡುತ್ತದೆ. ಅದಕ್ಕೆ ಕಡು ಹಸಿರು ಪಾಲಿಯೆಸ್ಟರ್ ದಾರವೇ ಒಳ್ಳೆಯದು. ಎಲೆಯಡಿಯಲ್ಲಿ ಕಾಣುವುದೂ ಇಲ್ಲ.

ಜಾವಾ ಫರ್ನ್‌ಗೂ ಅದೇ ನಿಯಮ, ಹೂಳಬೇಡಿ. ಉದ್ದ ಎಲೆ, ಟ್ಯಾಂಕಿನ ಹಿಂಭಾಗಕ್ಕೆ ಚಂದ. ಹಳೆಯ ಎಲೆಯ ಹಿಂದೆ ಕಂದು ಚುಕ್ಕೆಗಳ ಸಾಲು ಬರುತ್ತದೆ. ಅದನ್ನು ರೋಗ ಎಂದು ಕತ್ತರಿಸಿ ಎಸೆಯುವವರಿದ್ದಾರೆ. ಜರೀಗಿಡಗಳಿಗೆಲ್ಲ ಹಾಗೇ ಇರುತ್ತದೆ, ಅವು ಬೀಜಕಣದ ಚೀಲಗಳು. ಎಲೆಯ ಅಂಚಿನಲ್ಲಿ ಬೇರು ಸಮೇತ ಮರಿ ಗಿಡಗಳೇ ಹುಟ್ಟುತ್ತವೆ. ಬೆರಳುದ್ದ ಆದ ಮೇಲೆ ಬಿಡಿಸಿ ಇನ್ನೊಂದು ಕಲ್ಲಿಗೆ ಕಟ್ಟಬಹುದು. ಕೊಟ್ಟ ದುಡ್ಡಿಗೆ ಇಷ್ಟು ವಾಪಸ್ ಕೊಡುವ ಗಿಡ ಇನ್ನೊಂದಿಲ್ಲ. ಹೊಸಬರಿಗೆ ಒಂದೇ ಗಿಡ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಕ್ರಿಪ್ಟೊಕೊರೈನ್. ನಮ್ಮಲ್ಲಿರುವುದು ವೆಂಡ್ಟಿ, ಶ್ರೀಲಂಕಾ ಮೂಲದ್ದು. ಕಂದು ಬಣ್ಣದ್ದೂ ಇದೆ, ಹಸಿರೂ ಇದೆ. ಮೇಷ್ಟ್ರು ಹೇಳುವಂತೆ ಇದು ನಮ್ಮ ಪತ್ರೊಡೆ ಮಾಡುವ ಕೆಸುವಿನ ಕುಟುಂಬದ್ದೇ. ಸುವರ್ಣಗಡ್ಡೆ, ಮನಿ ಪ್ಲಾಂಟ್, ಮೇಲೆ ಹೇಳಿದ ಅನುಬಿಯಾಸ್ ಎಲ್ಲ ಒಂದೇ ಮನೆತನ. ಇದರ ಹತ್ತಿರದ ನೆಂಟರು ನಮ್ಮ ಪಶ್ಚಿಮ ಘಟ್ಟದಲ್ಲೇ ಇದ್ದಾರೆ. ಕ್ರಿಪ್ಟೊಕೊರೈನ್ ಸ್ಪೈರಾಲಿಸ್, ರೆಟ್ರೊಸ್ಪೈರಾಲಿಸ್ ಎಂಬ ಜಾತಿಗಳು ಅಲ್ಲಿನ ಹೊಳೆ, ಜವುಗು ಜಾಗಗಳಲ್ಲಿ ಬೆಳೆಯುತ್ತವೆ. ಕಲ್ಲುಗಳ ನಡುವೆ ತೆಳ್ಳಗೆ ಉದ್ದ ಎಲೆ ಚಾಚಿಕೊಂಡಿರುತ್ತವೆ. ಹಾಗಂತ ಟ್ರೆಕ್ಕಿಂಗ್ ಹೋದಾಗ ಕಿತ್ತು ತರಬೇಡಿ ದಯವಿಟ್ಟು. ಅಲ್ಲಿ ಅದರ ಜಾಗ ಚಿಕ್ಕದು. ಅಂಗಡಿಯಲ್ಲಿ ಬೆಳೆಸಿದ ವೆಂಡ್ಟಿ ಧಾರಾಳವಾಗಿ ಸಿಗುತ್ತದೆ.

ಇದನ್ನು ನೆಟ್ಟ ಮೇಲೆ ಒಂದು ಆಘಾತ ಕಾದಿರುತ್ತದೆ, ಮೊದಲೇ ತಿಳಿದಿರಲಿ. ಹತ್ತು ಹದಿನೈದು ದಿನದೊಳಗೆ ಎಲೆಗಳು ಗಾಜಿನಂತೆ ತೆಳುವಾಗಿ, ತೂತು ಬಿದ್ದು, ಲೋಳೆಯಾಗಿ ಕರಗಿಹೋಗುತ್ತವೆ. ಹವ್ಯಾಸಿಗಳು ಇದಕ್ಕೆ "ಮೆಲ್ಟ್" ಅನ್ನುತ್ತಾರೆ. ನರ್ಸರಿಯಲ್ಲಿ ಈ ಗಿಡಗಳನ್ನು ಬೇರು ಮಾತ್ರ ಒದ್ದೆಯಾಗಿರುವಂತೆ, ಎಲೆ ಗಾಳಿಯಲ್ಲಿರುವಂತೆ ಬೆಳೆಸುತ್ತಾರೆ. ಗಾಳಿಗೆ ಹುಟ್ಟಿದ ಎಲೆ ನೀರೊಳಗೆ ಬಾಳುವುದಿಲ್ಲ. ಗಿಡ ಅದನ್ನು ಬಿಟ್ಟು ಹೊಸ ಎಲೆ ಮಾಡಿಕೊಳ್ಳಬೇಕು. ಆಂಟಿ ಮೊದಲೇ ಎಚ್ಚರಿಸಿದ್ದರು: "ಕಿತ್ತು ನೋಡ್ಬೇಡ ಕಣೇ. ಬೇರು ಅಲ್ಲೇ ಇರಲಿ, ಕೊಳೆತ ಎಲೆ ಮಾತ್ರ ತೆಗಿ." ಬರಿಯ ಮೋಟುಗಳು ಉಳಿದ ಜಾಗವನ್ನು ದಿನಾ ಟಾರ್ಚ್ ಹಾಕಿ ನೋಡುತ್ತಿದ್ದೆ. ಮೂರನೇ ವಾರದ ಹೊತ್ತಿಗೆ ಜಲ್ಲಿಯ ನಡುವಿನಿಂದ ಸೂಜಿ ಮೊನೆಯಷ್ಟು ದಪ್ಪದ, ಸುರುಳಿ ಸುತ್ತಿದ ಒಂದು ಕಂದು ಚಿಗುರು ಮೇಲೆ ಬಂತು. ಬಿಚ್ಚಿಕೊಂಡಾಗ ಅಂಚೆಲ್ಲ ನೆರಿಗೆ ನೆರಿಗೆ, ನಡುವೆ ತಾಮ್ರದ ಬಣ್ಣ. ಈಗ ಅದೇ ಗಿಡ ಜಲ್ಲಿಯೊಳಗೆ ಬೇರು ಓಡಿಸಿ ಮುಂಭಾಗವೆಲ್ಲ ಹಬ್ಬಿದೆ. ಇದು ಬೇರಿನಿಂದ ಉಣ್ಣುವ ಗಿಡ, ಹಾಗಾಗಿ ಬುಡಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಒಂದು ರೂಟ್ ಟ್ಯಾಬ್ (ಗೊಬ್ಬರದ ಗುಳಿಗೆ) ಒತ್ತಿದರೆ ಸಾಕು. ಒಮ್ಮೆ ನೆಟ್ಟ ಜಾಗದಿಂದ ಕಿತ್ತು ಬೇರೆಡೆ ನೆಡಬೇಡಿ, ಮತ್ತೆ ಕರಗುತ್ತದೆ.

ಜಾವಾ ಮಾಸ್ ಮರದ ಕೊಂಬೆಗೆ ಕಟ್ಟಿದ್ದೇನೆ, ಸೀಗಡಿಗಳಿಗೆ ಅದೇ ಮೈದಾನ. ಹಾರ್ನ್‌ವರ್ಟ್ ಒಂದು ಹಿಡಿ ಸುಮ್ನೆ ತೇಲಿಬಿಡಿ. ಬೇರೇ ಇಲ್ಲದ ಗಿಡ, ಮೊದಲ ತಿಂಗಳುಗಳಲ್ಲಿ ನೀರಿನ ಕಸುವನ್ನೆಲ್ಲ ಹೀರಿಕೊಂಡು ಪಾಚಿಗೆ ಉಳಿಸುವುದಿಲ್ಲ. ಪಿಯುಸಿ ಲ್ಯಾಬಿನಲ್ಲಿ ಗುಳ್ಳೆ ಎಣಿಸಲು ಕೊಡುತ್ತಿದ್ದ ಹೈಡ್ರಿಲ್ಲಾ ಕೂಡ ಆಗುತ್ತದೆ, ಆದರೆ ಕೆರೆಯಿಂದ ತಂದರೆ ಹುಳು ಹುಪ್ಪಟೆ ಜೊತೆಗೇ ಬರುತ್ತವೆ. ಬುಸೆಫಲಾಂಡ್ರಾ ಎಂಬ ಇನ್ನೊಂದು ಗಿಡವೂ ಚಂದವೇ, ಕಡಿಮೆ ಬೆಳಕಿಗೂ ಸರಿ. ಆದರೆ ಬೆಲೆ ಜಾಸ್ತಿ, ಮೊದಲ ಟ್ಯಾಂಕಿಗೆ ಬೇಡ. ಮನಿ ಪ್ಲಾಂಟ್‌ನ ಒಂದು ಬಳ್ಳಿಯನ್ನು ಮುಚ್ಚಳದ ಮೂಲೆಯಿಂದ ಬೇರು ಮಾತ್ರ ನೀರಿಗೆ ಇಳಿಯುವಂತೆ ಬಿಟ್ಟಿದ್ದೇನೆ. ನೀರಿನಲ್ಲಿರುವ ನೈಟ್ರೇಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಖರ್ಚೂ ಇಲ್ಲ.

ಹೊಸ ಗಿಡಗಳ ಜೊತೆ ಬಸವನಹುಳುವಿನ ಮೊಟ್ಟೆ ಬರುತ್ತದೆ. ಎಲೆಯ ಹಿಂದೆ ಅಂಟು ಅಂಟಾದ ಪಾರದರ್ಶಕ ಮುದ್ದೆ ಕಂಡರೆ ಉಗುರಿನಿಂದ ಕೆರೆದು ತೆಗೆಯಿರಿ. ಒಂದೆರಡು ಉಳಿದರೂ ನನಗೇನೂ ಬೇಜಾರಿಲ್ಲ. ಅವು ಕೊಳೆತ ಎಲೆ ತಿನ್ನುತ್ತವೆ. ಸಂಖ್ಯೆ ಏರಿತು ಅಂದರೆ ಮೀನಿಗೆ ಊಟ ಜಾಸ್ತಿ ಹಾಕುತ್ತಿದ್ದೀರಿ ಎಂದೇ ಅರ್ಥ.

ಫಿಲ್ಟರ್ ಸ್ಪಂಜಿನದು, ಏರ್ ಪಂಪಿನಿಂದ ನಡೆಯುತ್ತದೆ. ಕೊಂಡದ್ದರಲ್ಲಿ ತೀರಾ ಅಗ್ಗದ ಸಾಮಾನು ಇದು, ಕೆಲಸ ಮಾತ್ರ ದೊಡ್ಡದು. ಮೀನಿನ ಹೊಲಸು, ಉಳಿದ ಊಟ ಕೊಳೆತರೆ ಅಮೋನಿಯಾ ಆಗುತ್ತದೆ. ಅದು ವಿಷ. ಸ್ಪಂಜಿನಲ್ಲಿ ಮನೆ ಮಾಡುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ, ಅದನ್ನು ಗಿಡ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಹಾಕಬಾರದು. ಅಂಗಡಿಗಳಲ್ಲಿ ಟ್ಯಾಂಕ್ ಜೊತೆಗೇ ಮೀನನ್ನೂ ಕಟ್ಟಿ ಕಳಿಸುವುದು ನನಗೆ ತುಂಬಾ ನೋವು ಕೊಡುವ ವಿಷಯ. ಒಂದು ವಾರದಲ್ಲಿ ಮೀನು ಸಾಯುತ್ತವೆ, ಮಕ್ಕಳು ಅಳುತ್ತಾರೆ, ಟ್ಯಾಂಕ್ ಅಟ್ಟ ಸೇರುತ್ತದೆ.

ಇಲ್ಲಿ ಗುಂಪಿನ ಬೆಲೆ ಗೊತ್ತಾಗುವುದು. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಮಾರುತ್ತಾರೆ, ನಾನು ಕೊಳ್ಳಲಿಲ್ಲ. ಆಂಟಿ ತಮ್ಮ ಹಳೆಯ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಓಡಿದ ಸ್ಪಂಜನ್ನು ಅದೇ ನೀರಿನ ಸಮೇತ ಡಬ್ಬಿಗೆ ಹಾಕಿ, ಆಟೋದಲ್ಲಿ ತಂದು ಕೊಟ್ಟರು. ಅದನ್ನು ನನ್ನ ಟ್ಯಾಂಕಿನಲ್ಲಿ ಹೊಸ ಸ್ಪಂಜಿನ ಪಕ್ಕದಲ್ಲೇ ಓಡಿಸಿದೆವು. ಟೆಸ್ಟ್ ಕಿಟ್‌ನಲ್ಲಿ ನೋಡುತ್ತಾ ಇದ್ದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆ, ಅದೂ ಮಾಮೂಲಿಗಿಂತ ಎಷ್ಟೋ ಬೇಗ, ಮೀನು ಬಿಟ್ಟೆವು. ದುಡ್ಡು ಕೊಟ್ಟರೆ ಸಿಗುವ ಯಾವ ಸೇವೆಯೂ ಇದಕ್ಕೆ ಸಮ ಇಲ್ಲ. ನಮ್ಮಲ್ಲಿ ಗಿಡ, ಸ್ಪಂಜು ಮಾರುವ ಹಾಗಿಲ್ಲ, ಹಂಚಿಕೊಳ್ಳಬೇಕು ಅಷ್ಟೇ. ನಿಮ್ಮ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ, ಹುಡುಕಿ. ಅಕ್ವೇರಿಯಂ ಅಂಗಡಿಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಏರ್ ಪಂಪ್ ಕೊಳ್ಳುವಾಗ ಜೊತೆಗೆ ನಾನ್-ರಿಟರ್ನ್ ವಾಲ್ವ್ ಕೇಳಿ ತೆಗೆದುಕೊಳ್ಳಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ಪೈಪಿನಲ್ಲಿ ನೀರು ವಾಪಸ್ ಇಳಿದು ಪಂಪಿನೊಳಗೆ ಬರುತ್ತದೆ. ಸಣ್ಣ ವಾಲ್ವ್ ಅದನ್ನು ತಡೆಯುತ್ತದೆ. ಪಂಪಿನ ಗುಯ್ ಶಬ್ದ ಒಂದೇ ಇದರ ಕೊರತೆ. ಕೆಳಗೆ ಹಳೆ ಬಟ್ಟೆ ಮಡಿಸಿ ಇಟ್ಟರೆ ಸಾಕಷ್ಟು ಕಡಿಮೆಯಾಗುತ್ತದೆ. ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ ಹಾಕಿ.

ನೀರಿನ ವಿಷಯ ಬೆಂಗಳೂರಿನವರಿಗೆ ದೊಡ್ಡ ಚಿಂತೆ. ಕಾವೇರಿ ನೀರಾದರೆ ಆಂಟಿ-ಕ್ಲೋರಿನ್ ಹಾಕಿ ಅಥವಾ ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ಬಿಟ್ಟು ಬಳಸಿ. ನಮ್ಮ ಕಟ್ಟಡದ ಬೋರ್ ನೀರಿಗೆ ಬಕೆಟಿನ ಅಂಚಿನಲ್ಲಿ ಬಿಳಿ ಕಟ್ಟುತ್ತದೆ, ಅಷ್ಟು ಗಡಸು. ಆದರೂ ಮೇಲೆ ಹೇಳಿದ ಗಿಡಗಳೆಲ್ಲ ಗಡಸು ನೀರನ್ನು ತಡೆದುಕೊಳ್ಳುತ್ತವೆ. ಆರ್‌ಒ ಯಂತ್ರ ಬೇಕಾಗಿಲ್ಲ. ನೀರು ಒಂದೇ ಥರ ಇರುವುದು ಮುಖ್ಯ. ಈ ವಾರ ಕಾವೇರಿ, ಮುಂದಿನ ವಾರ ಟ್ಯಾಂಕರ್ ಆದರೆ ಗಿಡ, ಮೀನು ಎರಡಕ್ಕೂ ಕಷ್ಟ. ಬದಲಾಗುತ್ತಿದೆ ಅನ್ನಿಸಿದರೆ ಒಂದೇ ಸಲ ಜಾಸ್ತಿ ನೀರು ಬದಲಿಸದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ.

ನಮ್ಮ ಟ್ಯಾಂಕಿನಲ್ಲಿ ಎಂಬರ್ ಟೆಟ್ರಾಗಳ ಒಂದು ಚಿಕ್ಕ ಗುಂಪಿದೆ. ಜೊತೆಗೆ ಚೆರ್ರಿ ಸೀಗಡಿಗಳು. ಕಡು ಹಸಿರಿನ ನಡುವೆ ಕೆಂಡದ ಬಣ್ಣದ ಮೀನು ತಿರುಗುವಾಗ ಕತ್ತರಿ ಕೈಯಲ್ಲೇ ಹಿಡಿದು ನಿಂತುಬಿಡುತ್ತೇನೆ. "ಟ್ಯಾಂಕ್ ಕ್ಲೀನರ್" ಎಂದು ಮಾರುವ ಸಕರ್ ಮೀನು ಮಾತ್ರ ತರಬೇಡಿ. ಒಂದಡಿಗಿಂತ ದೊಡ್ಡದಾಗುತ್ತದೆ, ಅಷ್ಟು ದೊಡ್ಡದಾದ ಮೇಲೆ ಜನ ಕೆರೆಗೆ ಬಿಡುತ್ತಾರೆ. ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಅದು ಹಬ್ಬಿ ಅಲ್ಲಿನ ಮೀನುಗಳಿಗೆ ಕುತ್ತಾಗಿದೆ. ಪಶ್ಚಿಮ ಘಟ್ಟದ "ಮಿಸ್ ಕೇರಳ" ಮೀನನ್ನೂ ಅಂಗಡಿಯವರು ತೋರಿಸುತ್ತಾರೆ. ಕೆಂಪು, ಕಪ್ಪು ಗೆರೆಯ ಸುಂದರ ಮೀನು. ಆದರೆ ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಆರು ಇಂಚಿನವರೆಗೆ ಬೆಳೆಯುತ್ತದೆ, ಹರಿಯುವ ನೀರು ಕೇಳುತ್ತದೆ. ಎರಡಡಿ ಟ್ಯಾಂಕಿಗೆ ಅಲ್ಲವೇ ಅಲ್ಲ.

ಈಗ ವಾರಕ್ಕೊಮ್ಮೆ ಒಂದು ಬಕೆಟ್, ಅಂದರೆ ಹತ್ತು ಹನ್ನೆರಡು ಲೀಟರ್ ನೀರು ತೆಗೆದು ಹೊಸದು ಹಾಕುತ್ತೇನೆ. ತೆಗೆದ ನೀರು ಅಂಗಡಿ ಮುಂದಿನ ಕರಿಬೇವಿಗೆ ಹೋಗುತ್ತದೆ, ಗಿಡ ಹೇಗೆ ಚಿಗುರಿದೆ ಅಂದರೆ ಬೀದಿಯವರೆಲ್ಲ ಒಗ್ಗರಣೆಗೆ ಇಲ್ಲಿಂದಲೇ ಕೀಳುತ್ತಾರೆ. ಮುಂದಿನ ಗಾಜನ್ನು ಹಳೆಯ ಸ್ಪಂಜಿನಿಂದ ಒರೆಸುತ್ತೇನೆ. ದ್ರವ ಗೊಬ್ಬರ ಬಾಟಲಿಯ ಮೇಲೆ ಬರೆದದ್ದರ ಅರ್ಧ ಪ್ರಮಾಣ. ಮೀನಿಗೆ ಊಟ ದಿನಕ್ಕೊಮ್ಮೆ ಒಂದು ಚಿಟಿಕೆ, ಭಾನುವಾರ ಉಪವಾಸ. ಮೊದಲ ತಿಂಗಳು ಗಾಜಿನ ಮೇಲೆ, ಎಲೆಗಳ ಮೇಲೆ ಕಂದು ಪುಡಿಯಂಥ ಪಾಚಿ ಬರುತ್ತದೆ. ಔಷಧಿ ಹಾಕಬೇಡಿ, ಒರೆಸಿ ಬಿಡಿ, ತಾನೇ ಹೋಗುತ್ತದೆ. ಪಾಚಿಗೆಂದು ಮಾರುವ ಔಷಧಿಗಳಲ್ಲಿ ತಾಮ್ರ ಇರುವಂಥವು ಸೀಗಡಿಗಳನ್ನು ಕೊಂದುಬಿಡುತ್ತವೆ. ಮೂರು ತಿಂಗಳೊಳಗೆ ಟಿವಿಯಲ್ಲಿ ನೋಡಿದಂಥ ಹಸಿರು ಹಾಸು ಬೇಕು ಅನ್ನುವವರಿಗೆ ಈ ಟ್ಯಾಂಕ್ ಸರಿಹೋಗುವುದಿಲ್ಲ. ಅದಕ್ಕೆ ಜೋರು ಬೆಳಕು, ಗ್ಯಾಸ್, ವಾರ ವಾರ ಕತ್ತರಿ ಎಲ್ಲ ಬೇಕು. ದಿನವಿಡೀ ದುಡಿಯುವವರಿಗೆ, ಬಾಡಿಗೆ ಮನೆಯ ಕತ್ತಲೆ ಹಾಲಿನವರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಹೀಟರ್ ಬೇಕಾ ಎಂದು ಜಾಸ್ತಿ ಜನ ಕೇಳುತ್ತಾರೆ. ಬೆಂಗಳೂರು, ಮೈಸೂರಿನವರಿಗೆ ಬೇಡ. ಡಿಸೆಂಬರ್ ರಾತ್ರಿಯಲ್ಲೂ ಮನೆಯೊಳಗಿನ ನೀರು ಈ ಗಿಡ, ಮೀನುಗಳು ತಡೆಯುವಷ್ಟೇ ತಣ್ಣಗಾಗುತ್ತದೆ. ಮಡಿಕೇರಿಯವರು ಥರ್ಮಾಮೀಟರ್ ಇಟ್ಟು ನೋಡಿ ತೀರ್ಮಾನಿಸಿ. ಕಲಬುರಗಿ, ರಾಯಚೂರಿನವರಿಗೆ ತೊಂದರೆ ಉಲ್ಟಾ. ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಸೀಗಡಿಗಳಿಗೆ ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ಅಂಥ ಕಡೆ ಗಾಜಿನ ಮುಚ್ಚಳದ ಬದಲು ಸೊಳ್ಳೆ ಪರದೆಯ ಜಾಲರಿ ಹಾಕಿ, ನೀರಿನ ಮೇಲೆ ಹಾಯುವಂತೆ ಒಂದು ಚಿಕ್ಕ ಫ್ಯಾನ್ ಇಡಿ. ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ಆರಿದಷ್ಟು ನೀರನ್ನು ದಿನಾ ತುಂಬಿಸಬೇಕಾಗುತ್ತದೆ. ಸೀಗಡಿ ಬಿಟ್ಟು ಜೀಬ್ರಾ ಡೇನಿಯೋ ಥರದ ಗಟ್ಟಿ ಮೀನು ಹಾಕಿ. ಗಿಡ ಇವೇ ಇರಲಿ.